ಎಚ್‌ಐವಿ ಇರುವವರ ಜೊತೆ ನಿಲ್ಲುವುದು ಹೇಗೆ? ಮಲೆನಾಡಿನ ಊರು-ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಸಹಾಯ ಮಾಡಲು ಹೊರಟವರೇ ಗುಟ್ಟು ಹೊರಗೆ ಹಾಕಿಬಿಡುತ್ತಾರೆ. ನಮ್ಮ ಕಡೆ ಮತ್ತೆ ಮತ್ತೆ ಆಗುವ ತಪ್ಪು ಇದು. ತಮ್ಮನಿಗೆ ಪಾಸಿಟಿವ್ ಬಂದಿದೆ ಅಂತ ಗೊತ್ತಾದ ಅಕ್ಕ, ಅವನಿಗೆ ಯಾರಾದರೂ ಧೈರ್ಯ ಹೇಳಲಿ ಅಂತ ಚಿಕ್ಕಪ್ಪನಿಗೆ ಹೇಳುತ್ತಾಳೆ. ಚಿಕ್ಕಪ್ಪ ಒಳ್ಳೆ ಡಾಕ್ಟರ ಪರಿಚಯ ಇರುವ ಸ್ನೇಹಿತನಿಗೆ ಹೇಳುತ್ತಾರೆ. ಸ್ವಲ್ಪ ದಿನದಲ್ಲೇ ಅದು ಅಡಿಕೆ ಸುಲಿಯುವ ಚಪ್ಪರದ ಮಾತಾಗಿರುತ್ತದೆ. ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಆದರೂ ಆ ಹುಡುಗನನ್ನು ಮುಯ್ಯಾಳಿಗೆ (ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗಿ ಬರುವುದಕ್ಕೆ) ಕರೆಯುವವರು ಕಡಿಮೆಯಾಗುತ್ತಾರೆ, ಕರೆದವರೂ ಚಹಾ ಕೊಡುವಾಗ ಪೇಪರ್ ಲೋಟ ಹುಡುಕುತ್ತಾರೆ.

ಮನೆಯಲ್ಲೋ, ಪಕ್ಕದ ಮನೆಯಲ್ಲೋ, ಕೆಲಸದ ಜಾಗದಲ್ಲೋ ಒಬ್ಬರಿಗೆ ಎಚ್‌ಐವಿ ಇದೆ ಅಂತ ನಿಮಗೆ ಗೊತ್ತಾಗಿದೆ, ಮುಂದೇನು ಅಂತ ತಿಳಿಯುತ್ತಿಲ್ಲ. ಹಾಗಿದ್ದರೆ ಇದು ನಿಮಗಾಗಿ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಮೊದಲು ಗುಟ್ಟು, ಆಮೇಲೆ ಮಾತ್ರೆ, ಆಮೇಲೆ ಮನೆ, ಆಮೇಲೆ ಊರು, ಬೇಕಾದರೆ ಕೊನೆಗೆ ಕಾನೂನು. ಹೆಚ್ಚಿನವರು ಮನೆಯವರಿಗೆ ತಿಳಿಹೇಳುವುದರಿಂದಲೇ ಶುರು ಮಾಡುತ್ತಾರೆ. ಕೆಲಸ ಕೆಡುವುದು ಅಲ್ಲೇ.

## ಮೊದಲು ಕೈಯಲ್ಲಿ ಇರಬೇಕಾದ್ದು

ಜಾಸ್ತಿ ಏನೂ ಬೇಡ. ಲಾಕ್ ಇರುವ ಒಂದು ಫೋನ್ ಬೇಕು. ಮೆಸೇಜ್ ಬಂದ ಕೂಡಲೇ ಪರದೆ ಮೇಲೆ ಕಾಣುವುದನ್ನು ಆಫ್ ಮಾಡಿ. ಅವರ ಮನೆಯಲ್ಲಿ ಒಂದೇ ಫೋನನ್ನು ಎಲ್ಲರೂ ಮುಟ್ಟುವುದಾದರೆ ಮೆಸೇಜ್ ಬೇಡವೇ ಬೇಡ, ಸಿಕ್ಕಾಗ ಮಾತಾಡಿ.

ನಾಲ್ಕು ನಂಬರ್ ಬರೆದಿಟ್ಟುಕೊಳ್ಳಿ. 1097 ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಹೆಸರು ಹೇಳದೆಯೂ ಕೇಳಬಹುದು. 15100 ಉಚಿತ ಕಾನೂನು ನೆರವು. 14416 ಟೆಲಿ ಮಾನಸ್, ಮನಸ್ಸು ಕುಸಿದಾಗ ಮಾತಾಡಲು. 112 ತುರ್ತಿಗೆ.

ಆಸ್ಪತ್ರೆ ಕಾಗದ ಮಳೆಗೆ ನೆನೆಯದ ಹಾಗೆ ಒಂದು ಪ್ಲಾಸ್ಟಿಕ್ ಫೈಲ್ ಇರಲಿ. ಮೇಲೆ ಏನೂ ಬರೆಯಬೇಡಿ. ಇನ್ನೊಂದು ವಿಷಯ, ಬಸ್ ಚಾರ್ಜು. ಮಾತ್ರೆ ಉಚಿತ ನಿಜ, ಆದರೆ ಕೂಲಿ ಮಾಡುವವರಿಗೆ ಆಸ್ಪತ್ರೆಗೆ ಹೋದ ದಿನ ಅಂದರೆ ಒಂದು ದಿನದ ಸಂಬಳ ಹೋದ ಹಾಗೆ, ಮೇಲೆ ಹೋಗಿ ಬರುವ ಖರ್ಚು. ನೀವು ಕೊಡಬಹುದಾದ ದೊಡ್ಡ ಸಹಾಯ ಕೆಲವು ಸಲ ಇಷ್ಟೇ ಆಗಿರುತ್ತದೆ.

## ಹಂತ 1: ಕೇಳಿಸಿಕೊಳ್ಳಿ, ಹೊರಗೆ ಬಿಡಬೇಡಿ

ಅವರು ನಿಮಗೆ ಹೇಳಿದ ಆ ಹೊತ್ತಿನಲ್ಲಿ ನಿಮ್ಮ ಮುಖ ನೋಡುತ್ತಿರುತ್ತಾರೆ. ಉಪದೇಶ ಬೇಡ, ಅಳುವುದೂ ಬೇಡ. “ನನಗೆ ಹೇಳಿದ್ದು ಒಳ್ಳೇದಾಯ್ತು. ಇದು ನನ್ನಿಂದ ಯಾರಿಗೂ ಹೋಗಲ್ಲ. ಈಗ ನಿನಗೆ ಏನು ಬೇಕು ಹೇಳು” ಅಂದರೆ ಸಾಕು.

“ಹೇಗೆ ಬಂತು?” ಅಂತ ಕೇಳಬೇಡಿ. ಆ ಉತ್ತರದಿಂದ ಚಿಕಿತ್ಸೆಯಲ್ಲಿ ನೀವು ಮಾಡುವ ಸಹಾಯ ಒಂದಿಷ್ಟೂ ಬದಲಾಗುವುದಿಲ್ಲ, ಕೇಳಿಸಿಕೊಂಡವರಿಗೆ ಮಾತ್ರ ಅದು ಕಟಕಟೆಯಲ್ಲಿ ನಿಂತ ಹಾಗೆ ಆಗುತ್ತದೆ. ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ.

ಗಂಡನಿಗೂ ಹೆಂಡತಿಗೂ ಮಧ್ಯೆ ಗುಟ್ಟಿಲ್ಲ ಅನ್ನುವ ನಿಯಮ ಇಲ್ಲಿ ನಡೆಯುವುದಿಲ್ಲ. ನಿಮ್ಮ ಗೆಳತಿಯ ವಿಷಯ ನಿಮ್ಮ ಗಂಡನಿಗೆ ಗೊತ್ತಾಗಬೇಕಾಗಿಲ್ಲ. ಹೆಸರು ಹೇಳದೆ “ನಮ್ಮ ಪೈಕಿ ಒಬ್ಬರಿಗೆ” ಅನ್ನುವುದೂ ಬೇಡ. ಇಪ್ಪತ್ತು ಮನೆಯ ಊರಲ್ಲಿ ಅದು ಯಾರು ಅಂತ ಲೆಕ್ಕ ಹಾಕುವುದು ಕಷ್ಟವಲ್ಲ.

ಎಚ್ಚರಿಕೆಯ ಸೂಚನೆ: ಎರಡು ವಾರದಲ್ಲಿ ಯಾರಾದರೂ ನಿಮ್ಮ ಹತ್ತಿರ ಬಂದು “ಅವನಿಗೆ ಹುಷಾರಿಲ್ವಂತೆ ಹೌದಾ?” ಅಂತ ಕೇಳಿದರೆ ಸುದ್ದಿ ಎಲ್ಲೋ ಸೋರಿದೆ. ಹೌದು, ಇಲ್ಲ ಎರಡೂ ಹೇಳಬೇಡಿ. “ನನಗೆ ಗೊತ್ತಿಲ್ಲಪ್ಪ, ಬೇಕಾದ್ರೆ ಅವನನ್ನೇ ಕೇಳಿ” ಅಂದು ಮಾತು ಬದಲಿಸಿ. ಆಮೇಲೆ ಸೋಂಕಿರುವವರಿಗೆ ಆ ವಿಷಯ ತಿಳಿಸಿ, ಅವರು ಸಿದ್ಧವಾಗಿರಲಿ.

## ಹಂತ 2: ನಿಮ್ಮ ಹೆದರಿಕೆ ಮೊದಲು ಇಳಿಯಲಿ

ಒಳಗೆ ಹೆದರಿಕೆ ಇಟ್ಟುಕೊಂಡು ಸಹಾಯ ಮಾಡಲು ಹೋದರೆ ಕೈ ತಾನಾಗೇ ಹಿಂದೆ ಸರಿಯುತ್ತದೆ. ಎದುರಿನವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಹಾಗಾಗಿ ಇಷ್ಟು ಗಟ್ಟಿ ಮಾಡಿಕೊಳ್ಳಿ.

ಹರಡುವ ದಾರಿಗಳು ಇವು: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ ಪಡೆಯುವುದು, ಒಬ್ಬರು ಬಳಸಿದ ಸೂಜಿ ಇನ್ನೊಬ್ಬರು ಬಳಸುವುದು, ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಲ್ಲಿ. ಒಂದೇ ತಟ್ಟೆ, ಒಂದೇ ಬಚ್ಚಲು, ಒಂದೇ ಹಂಡೆ ನೀರು, ಒಂದೇ ಕಂಬಳಿ, ಅಪ್ಪಿಕೊಳ್ಳುವುದು, ಕೆಮ್ಮು, ಬೆವರು, ಇವು ಯಾವುದರಿಂದಲೂ ಬರುವುದಿಲ್ಲ. ಸೊಳ್ಳೆ, ಉಣುಗು ಕಚ್ಚಿಯೂ ಬರುವುದಿಲ್ಲ. ಉಣುಗಿನಿಂದ ಬರುವುದು ಮಂಗನ ಕಾಯಿಲೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನಮ್ಮ ಕಡೆ ತಪ್ಪದೆ ಬರುವ ಪ್ರಶ್ನೆ ಮೆಟ್ಟುಗತ್ತಿಯದ್ದು. ಅಡಿಕೆ ಸುಲಿಯುವಾಗ ಅವರ ಕೈ ಕುಯ್ದರೆ? ಯಾರ ಕೈ ಕುಯ್ದರೂ ಮಾಡುವ ಹಾಗೇ ಮಾಡಿ. ಗಾಯ ಸೋಪು ನೀರಲ್ಲಿ ತೊಳೆದು ಪಟ್ಟಿ ಕಟ್ಟಿ, ಕತ್ತಿಯನ್ನೂ ಮಣೆಯನ್ನೂ ಸೋಪು ನೀರಲ್ಲಿ ತೊಳೆಯಿರಿ. ನೀವು ಪಟ್ಟಿ ಕಟ್ಟುವವರಾದರೆ, ನಿಮ್ಮ ಕೈಯಲ್ಲೂ ಹಸಿ ಗಾಯ ಇದ್ದರೆ, ಒಂದು ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ಇದು ಎಲ್ಲರ ರಕ್ತಕ್ಕೂ ಒಂದೇ ನಿಯಮ. ಮೈಯಿಂದ ಹೊರಗೆ ಬಿದ್ದು ಒಣಗಿದ ಮೇಲೆ ಈ ವೈರಸ್ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಅವರನ್ನು ಸುಲಿಯುವ ಕೆಲಸದಿಂದ ಬಿಡಿಸುವ ಕಾರಣ ಯಾವುದೂ ಇಲ್ಲ.

ಇನ್ನೊಂದು ಮಾತು ಇನ್ನೂ ಎಷ್ಟೋ ಜನರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಅರ್ಧ ಮನೆಗಳ ನೋವು ಕಡಿಮೆಯಾಗುತ್ತಿತ್ತು. ದಿನಾ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯೇ ಆಗದಷ್ಟು ಇಳಿದು ಹಾಗೇ ಉಳಿದರೆ, ಅವರಿಂದ ಲೈಂಗಿಕ ಸಂಪರ್ಕದಲ್ಲೂ ಇನ್ನೊಬ್ಬರಿಗೆ ಹರಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಮದುವೆ, ಮಗು ಎಲ್ಲ ಸಾಧ್ಯ.

ನಿಜವಾದ ಅಪಾಯ ಆದಾಗ, ಅಂದರೆ ಬಳಸಿದ ಸೂಜಿ ಚುಚ್ಚಿತು, ಕಾಂಡೋಮ್ ಹರಿಯಿತು ಅಂತಾದರೆ, 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಸೋಂಕು ತಗುಲದ ಹಾಗೆ 28 ದಿನದ ಮಾತ್ರೆ ಕೊಡುತ್ತಾರೆ.

## ಹಂತ 3: ಪರೀಕ್ಷೆ ಖಚಿತ ಮಾಡಿಸಿ, ಎಆರ್‌ಟಿಗೆ ಸೇರಿಸಿ

ಖಾಸಗಿ ಲ್ಯಾಬಿನ ಒಂದು ರಿಪೋರ್ಟ್ ಹಿಡಿದುಕೊಂಡು ತೀರ್ಮಾನಕ್ಕೆ ಬರಬೇಡಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಪರೀಕ್ಷೆ, ಸಮಾಲೋಚನೆಯ ಕೇಂದ್ರ) ಬೇರೆ ಬೇರೆ ಮೂರು ಪರೀಕ್ಷೆ ಮಾಡಿಯೇ ಪಾಸಿಟಿವ್ ಅಂತ ಹೇಳುತ್ತಾರೆ. ಅಲ್ಲಿ ಆಪ್ತ ಸಮಾಲೋಚಕರು ಇರುತ್ತಾರೆ. ಅವರ ಜೊತೆ ಮಾತಾಡುವಾಗ ನೀವು ಹೊರಗೆ ಕೂತಿರಿ, ಕರೆದರೆ ಮಾತ್ರ ಒಳಗೆ ಹೋಗಿ.

ಖಚಿತವಾದ ಮೇಲೆ ಎಆರ್‌ಟಿ ಕೇಂದ್ರ, ಅಂದರೆ ಎಚ್‌ಐವಿ ವೈರಸ್ಸನ್ನು ಅಡಗಿಸಿಡುವ ಮಾತ್ರೆ ಕೊಡುವ ಜಾಗ. ನಮ್ಮ ಜಿಲ್ಲೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿದೆ. ಆರೋಗ್ಯ ಸ್ಥಿರವಾದ ಮೇಲೆ, ಹತ್ತಿರದಲ್ಲೇ ಮಾತ್ರೆ ಕೊಡುವ ಉಪಕೇಂದ್ರವಾದ ಲಿಂಕ್ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಸಿಗುವ ವ್ಯವಸ್ಥೆ ಇದೆಯಾ ಅಂತ ಅಲ್ಲೇ ಕೇಳಿ. ಈ ಔಷಧಿ ನಮ್ಮ ದೇಶದಲ್ಲಿ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಹಿಂದೆ ಸಿಡಿ4, ಅಂದರೆ ರೋಗದ ಜೊತೆ ಹೋರಾಡುವ ರಕ್ತಕಣದ ಲೆಕ್ಕ, ಇಳಿಯುವ ತನಕ ಕಾಯಿಸುತ್ತಿದ್ದರು. 2017ರಿಂದ ಆ ಲೆಕ್ಕ ಇಲ್ಲ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ. “ಇನ್ನೂ ಗಟ್ಟಿಯಾಗಿದ್ದೀನಿ, ಆಮೇಲೆ ನೋಡೋಣ” ಅನ್ನುವವರಿಗೆ ಇದನ್ನು ಹೇಳಿ.

“ಅಲ್ಲಿ ನಮ್ಮೂರಿನವರು ಯಾರಾದರೂ ನೋಡಿದರೆ?” ಇದು ಸುಳ್ಳು ಭಯವಲ್ಲ. ಜಿಲ್ಲಾಸ್ಪತ್ರೆಗೆ ಎಲ್ಲ ತಾಲೂಕಿನವರೂ ಬರುತ್ತಾರೆ. ಬೇರೆ ಜಿಲ್ಲೆಯ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು, ತೀರ್ಥಹಳ್ಳಿ ಕಡೆಯವರಿಗೆ ಉಡುಪಿ ದಾರಿಯೂ ಇದೆ. ಆದರೆ ದೂರ ಹೋದಷ್ಟು ತಪ್ಪಿಸಿಕೊಳ್ಳುವ ದಿನಗಳೂ ಜಾಸ್ತಿ ಆಗುತ್ತವೆ, ಅದನ್ನೂ ತೂಗಿ ನೋಡಲಿ. ಆಯ್ಕೆ ಅವರದ್ದು. ನೀವು ಜೊತೆಗೆ ಹೋದರೆ “ನನ್ನ ಹಲ್ಲು ತೋರಿಸಲು ಬಂದಿದ್ದೆ, ಇವನೂ ಬಂದ” ಅನ್ನಬಹುದು. ಆ ಒಂದು ನೆಪ ಕೊಡಲಿಕ್ಕೂ ಜೊತೆ ಬೇಕಾಗುತ್ತದೆ ಅಲ್ವಾ?

ಗಂಡ, ಹೆಂಡತಿ, ಮಕ್ಕಳ ಪರೀಕ್ಷೆಯ ಮಾತು ಬಂದೇ ಬರುತ್ತದೆ. ಸಂಗಾತಿಗೆ ತಿಳಿಸುವುದು ಅಗತ್ಯ, ಆದರೆ ಅದನ್ನು ನೀವು ಹೇಳಬೇಡಿ. ಸಮಾಲೋಚಕರ ಎದುರು, ಅವರ ಸಹಾಯದಿಂದ ಆಗಲಿ. ಹೆಂಗಸಿಗೆ ಹೊಡೆತದ ಭಯ, ಮನೆಯಿಂದ ಹೊರಹಾಕುವ ಭಯ ಇದ್ದರೆ ಅದನ್ನು ಸಮಾಲೋಚಕರಿಗೆ ಮೊದಲೇ ಹೇಳಬೇಕು. ಕಾನೂನೂ ಆ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬಸುರಿಯಾಗಿದ್ದರೆ ಒಂದು ದಿನವೂ ತಡ ಬೇಡ. ಚಿಕಿತ್ಸೆ ಇಲ್ಲದಿದ್ದರೆ 100 ಮಕ್ಕಳಲ್ಲಿ 15ರಿಂದ 45ಕ್ಕೆ ಸೋಂಕು ತಗುಲಬಹುದು, ಸರಿಯಾಗಿ ಚಿಕಿತ್ಸೆ ನಡೆದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ.

ಸಾಮಾನ್ಯ ತಪ್ಪು: ಪೂರ್ತಿ ವಾಸಿ ಮಾಡುತ್ತೇವೆ ಅನ್ನುವ ನಾಟಿ ಔಷಧಿಗೆ ಹೋಗಿ ಮಾತ್ರೆ ನಿಲ್ಲಿಸುವುದು. ಬೇರು, ಕಷಾಯದಿಂದ ಎಚ್‌ಐವಿ ವಾಸಿಯಾಗುವುದಿಲ್ಲ. ಹಿರಿಯರು ಪಟ್ಟು ಹಿಡಿದರೆ ಜಗಳ ಮಾಡಬೇಡಿ, ಆದರೆ ಏನು ಕುಡಿದರೂ ಎಆರ್‌ಟಿ ಡಾಕ್ಟರಿಗೆ ಹೇಳಲಿ, ಮಾತ್ರೆ ಮಾತ್ರ ಒಂದು ದಿನವೂ ನಿಲ್ಲದಿರಲಿ.

## ಹಂತ 4: ಮಾತ್ರೆ ತಪ್ಪದ ಹಾಗೆ ನೋಡಿಕೊಳ್ಳಿ, ಮಳೆಗಾಲದಲ್ಲೂ

ಈಗ ಹೆಚ್ಚಿನವರಿಗೆ ಕೊಡುವುದು ದಿನಕ್ಕೆ ಒಂದೇ ಮಾತ್ರೆ. ಅದರೊಳಗೆ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇರುತ್ತವೆ. ಅವರ ದಿನದ ಯಾವ ಕೆಲಸ ತಪ್ಪುವುದೇ ಇಲ್ಲವೋ ಅದಕ್ಕೆ ಮಾತ್ರೆ ಅಂಟಿಸಿ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಕಾಫಿ ಕುಡಿಯುವ ಹೊತ್ತು ಚೆನ್ನಾಗಿ ಕೂರುತ್ತದೆ. ರಾತ್ರಿ ತೆಗೆದುಕೊಂಡು ನಿದ್ದೆ ಬರುತ್ತಿಲ್ಲ ಅನ್ನುವವರೂ ಡಾಕ್ಟರನ್ನು ಕೇಳಿ ಬೆಳಿಗ್ಗೆಗೆ ಬದಲಿಸಿಕೊಳ್ಳಬಹುದು.

ಮರೆತರೆ, ನೆನಪಾದ ಕೂಡಲೇ ತೆಗೆದುಕೊಳ್ಳಲಿ. ಮುಂದಿನ ಮಾತ್ರೆ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಲಿ, ಎರಡು ಒಟ್ಟಿಗೆ ಬೇಡ.

ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇವು ಡೊಲುಟೆಗ್ರಾವಿರ್ ಮೈಗೆ ಹತ್ತದ ಹಾಗೆ ಮಾಡುತ್ತವೆ. ಎಆರ್‌ಟಿ ಮಾತ್ರೆ ಮೊದಲು ತೆಗೆದುಕೊಂಡು ಎರಡು ಗಂಟೆ ಬಿಟ್ಟು ಇವನ್ನು ತೆಗೆದುಕೊಳ್ಳಬೇಕು, ಇವನ್ನು ಮೊದಲೇ ತೆಗೆದುಕೊಂಡಿದ್ದರೆ ಆರು ಗಂಟೆ ಕಾಯಬೇಕು. ನಮ್ಮ ಕಡೆ ಗ್ಯಾಸ್ಟ್ರಿಕ್ ಮದ್ದು ಕಿರಾಣಿ ಅಂಗಡಿಯಲ್ಲೂ ಸಿಗುವುದರಿಂದ ಇದು ಹೇಳಲೇಬೇಕಾದ ಮಾತು. ಕ್ಷಯದ ಔಷಧಿ ಶುರುವಾದರೂ ಎಆರ್‌ಟಿ ಡಾಕ್ಟರಿಗೆ ಗೊತ್ತಿರಬೇಕು, ಆಗ ಮಾತ್ರೆಯ ಲೆಕ್ಕ ಬದಲಾಗುತ್ತದೆ.

ಡಬ್ಬಿಯ ವಿಷಯ. ಹೆಸರು ಕಾಣಬಾರದು ಅಂತ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಸೀರೆ ಮಧ್ಯೆ ಇಡುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಗೇ ಬೂಷ್ಟು ಬರುತ್ತದೆ, ಮಾತ್ರೆ ಉಳಿಯುತ್ತದಾ? ಅದರ ಡಬ್ಬಿಯಲ್ಲೇ ಇರಲಿ, ಒಳಗಿನ ತೇವ ಹೀರುವ ಪುಟ್ಟ ಪೊಟ್ಟಣ ಎಸೆಯಬಾರದು, ಮುಚ್ಚಳ ಬಿಗಿಯಾಗಿರಲಿ. ಲೇಬಲ್ ಕಾಣಬಾರದು ಅಂದರೆ ಮೇಲೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಮುಗಿಯುವ ತಾರೀಕು ಬರೆದಿಡಿ. ಅಲ್ಲಾಡಿಸಿದಾಗ ಸದ್ದು ಬರುತ್ತದೆ ಅನ್ನುವವರು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಇಡಬಹುದು.

“ದಿನಾ ಯಾವ ಮಾತ್ರೆ ನುಂಗ್ತೀಯ?” ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ಮೊದಲೇ ಸಿದ್ಧ ಇರಲಿ. ಬಿಪಿ ಅಂತ ಸುಳ್ಳು ಹೇಳಿದರೆ ಆಶಾ ಕಾರ್ಯಕರ್ತೆ ಬಂದಾಗ “ಇವನಿಗೂ ಬಿಪಿ ನೋಡಿ” ಅನ್ನುತ್ತಾರೆ, ಒಂದು ಸುಳ್ಳಿಗೆ ಹತ್ತು ಸುಳ್ಳು ಬೇಕಾಗುತ್ತದೆ. “ಡಾಕ್ಟರ್ ಕೊಟ್ಟಿದ್ದಾರೆ, ದಿನಾ ತಗೋಬೇಕು” ಅಂದು ಸುಮ್ಮನಾಗುವುದು ಒಳ್ಳೆಯದು.

ಮಳೆಗಾಲಕ್ಕೆ ಮೇ ತಿಂಗಳಲ್ಲೇ ತಯಾರಿ ಬೇಕು. ಜುಲೈನಲ್ಲಿ ಧರೆ ಕುಸಿದು ರಸ್ತೆ ಬಂದ್, ಬಸ್ ಇಲ್ಲ, ಕರೆಂಟ್ ಇಲ್ಲ, ಫೋನ್ ಸಿಗುವುದಿಲ್ಲ, ಹೊಸನಗರದ ಆಚೆ, ಆಗುಂಬೆ ಕಡೆ ಇದು ಪ್ರತಿ ವರ್ಷದ ಮಾತು. ಚಿಕಿತ್ಸೆಯಲ್ಲಿ ಸ್ಥಿರವಾಗಿರುವವರಿಗೆ ಒಂದಕ್ಕಿಂತ ಜಾಸ್ತಿ ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿ ಇದೆ. ಕೇಂದ್ರದಲ್ಲಿ ಮುಂಚೆಯೇ ಕೇಳಿ. ಕೆಲಸಕ್ಕೆ ಬೇರೆ ಊರಿಗೆ ಹೋಗುವವರು ಎಆರ್‌ಟಿ ಪುಸ್ತಕ (ಕೇಂದ್ರದಲ್ಲಿ ಕೊಡುವ ಚಿಕಿತ್ಸೆಯ ಪುಸ್ತಕ) ಜೊತೆಗೆ ಇಟ್ಟುಕೊಳ್ಳಲಿ, ಅಲ್ಲಿನ ಕೇಂದ್ರದಲ್ಲಿ ಅದನ್ನು ತೋರಿಸಿ ಕೇಳಬಹುದು.

ವೈರಲ್ ಲೋಡ್ ಪರೀಕ್ಷೆ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ) ಮಾತ್ರೆ ಶುರುವಾದ ಆರು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ. ಆ ತಾರೀಕು ನೀವೂ ನೆನಪಿಟ್ಟುಕೊಳ್ಳಿ. ಮುಂದಿನ ಹಂತಗಳಿಗೆಲ್ಲ ಆ ರಿಪೋರ್ಟ್ ಬಲ ಕೊಡುತ್ತದೆ.

## ಹಂತ 5: ಯಾರಿಗೆ ಹೇಳಬೇಕು ಅನ್ನುವುದು ಅವರ ತೀರ್ಮಾನ

ಮಾತ್ರೆ ಒಂದು ಹದಕ್ಕೆ ಬಂದ ಮೇಲೆ ಮಾತ್ರ ಈ ಹಂತ. ಮನಸ್ಸು ಕುಸಿದ ಮೊದಲ ವಾರಗಳಲ್ಲಿ ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಅವರ ಜೊತೆ ಕೂತು ಒಬ್ಬೊಬ್ಬರ ಬಗ್ಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇವರಿಗೆ ಹೇಳಿದರೆ ನನಗೆ ಏನು ಸಿಗುತ್ತದೆ? ನಾಳೆ ಇವರ ಜೊತೆ ಗದ್ದೆ ಅಂಚಿನ ಜಗಳವಾದರೆ ಇವರು ಇದನ್ನು ಎತ್ತಿ ಆಡುತ್ತಾರಾ? ಎರಡನೇದಕ್ಕೆ “ಆಡಬಹುದು” ಅನ್ನಿಸಿದರೆ ಬೇಡ. ಟಿವಿಯಲ್ಲಿ, ಪೇಪರಿನಲ್ಲಿ ಇಂಥ ಸುದ್ದಿ ಬಂದಾಗ ಆ ಮನುಷ್ಯ ಏನು ಅನ್ನುತ್ತಾನೆ ನೋಡಿ, ಅದರಲ್ಲೇ ಅರ್ಧ ಉತ್ತರ ಇರುತ್ತದೆ.

ಮೊದಲು ಒಬ್ಬರಿಗೆ ಮಾತ್ರ. ಅತ್ತಿಗೆ, ದೊಡ್ಡಮ್ಮ, ಹಳೆ ಸ್ನೇಹಿತ, ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರು. ಸೋಂಕಿರುವವರೇ ಹೇಳಲಿ, ನೀವು ಪಕ್ಕದಲ್ಲಿ ಕೂತಿರಿ. ಹಬ್ಬದ ದಿನ, ಮದುವೆ ಮನೆ, ಕುಡಿದ ಹೊತ್ತು, ಜಗಳದ ಮಧ್ಯೆ ಯಾವತ್ತೂ ಬೇಡ. ಮೊದಲ ವಾಕ್ಯದಲ್ಲೇ ಚಿಕಿತ್ಸೆಯ ಮಾತು ಬರಲಿ: “ನನಗೆ ಎಚ್‌ಐವಿ ಇದೆ, ಮಾತ್ರೆ ತಗೋತಾ ಇದ್ದೀನಿ, ಚೆನ್ನಾಗಿದ್ದೀನಿ.”

ಮಕ್ಕಳಿಗೇ ಸೋಂಕಿದ್ದರೆ ಅವರಿಗೂ ಒಮ್ಮೆ ಹೇಳಲೇಬೇಕು. ಶಾಲೆ ವಯಸ್ಸಿನಲ್ಲಿ, ಸ್ವಲ್ಪ ಸ್ವಲ್ಪವಾಗಿ, ಸಮಾಲೋಚಕರ ಸಹಾಯದಿಂದ. ಯಾತಕ್ಕೆ ಅಂತ ಗೊತ್ತಿಲ್ಲದೆ ನುಂಗಿ ನುಂಗಿ ಬೇಜಾರಾಗಿಯೇ ಎಷ್ಟೋ ಮಕ್ಕಳು ಮಾತ್ರೆ ಬಿಡುತ್ತಾರೆ.

## ಹಂತ 6: ಮನೆಯೊಳಗಿನ ಬೇರೆ ತಟ್ಟೆ

ಯಾರೂ ಬೈಯುವುದಿಲ್ಲ. ಆದರೆ ಒಂದು ದಿನ ಅವರ ತಟ್ಟೆ, ಲೋಟ ಬೇರೆ ಕಡೆ ಬೋರಲು ಹಾಕಿರುತ್ತದೆ. ಬಟ್ಟೆ ಬೇರೆ ಬಕೆಟ್ಟಿಗೆ ಹೋಗುತ್ತದೆ. ಹಾಸಿಗೆ ಜಗಲಿಗೆ ಬರುತ್ತದೆ, ಕಾರಣ ಕೇಳಿದರೆ “ಅಲ್ಲಿ ಗಾಳಿ ಚೆನ್ನಾಗಿದೆ” ಅನ್ನುತ್ತಾರೆ. ಅಣ್ಣನ ಮಗು ಅವರ ತೊಡೆ ಹತ್ತಿದರೆ ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆ. ಮನೆಗಳು ದೂರ ದೂರ ಇರುವ ನಮ್ಮ ಕಡೆ ಇದನ್ನು ಹೊರಗಿನವರು ಯಾರೂ ನೋಡುವುದಿಲ್ಲ, ಅನುಭವಿಸುವವರು ಒಬ್ಬರೇ.

ಇಲ್ಲಿ ಭಾಷಣ ಕೆಲಸ ಮಾಡುವುದಿಲ್ಲ. ಮೊದಲು ನೀವು ಮಾಡಿ ತೋರಿಸಿ. ಅವರ ಪಕ್ಕ ಕೂತು ಊಟ ಮಾಡಿ, ಅವರು ಕುಡಿದ ಲೋಟದಲ್ಲೇ ನೀರು ಕೇಳಿ ಕುಡಿಯಿರಿ, ನಿಮ್ಮ ಮಗುವನ್ನು ಅವರ ಕೈಗೆ ಕೊಡಿ. ಎಲ್ಲರೂ ನೋಡುವ ಹಾಗೆ ಮಾಡಿ, ಆದರೆ ಅದನ್ನು ಎತ್ತಿ ಹೇಳಬೇಡಿ. ಮನೆಯವರಿಗೆ ವಿಷಯ ಗೊತ್ತಿಲ್ಲದಿದ್ದರೆ ಇದು ಸಹಜವಾಗಿ ಕಾಣಬೇಕು, ಗೊತ್ತಿದ್ದರೆ ಇದೇ ಉತ್ತರವಾಗುತ್ತದೆ.

ಎರಡನೇದು, ಹೆದರಿದ ಹಿರಿಯರನ್ನು ಎದುರು ಹಾಕಿಕೊಳ್ಳಬೇಡಿ. ಅವರ ಮನಸ್ಸಿನಲ್ಲಿ ಇರುವುದು 20-25 ವರ್ಷದ ಹಿಂದಿನ ಚಿತ್ರ, ಮೂಳೆ ಚಕ್ಕಳವಾಗಿ ಸತ್ತವರದ್ದು. ಅವರ ಭಯ ಬಾಯಿಂದ ಹೊರಗೆ ಬರಲಿ. “ಅತ್ತೆ, ನಿಮಗೆ ಯಾವುದು ಹೆದರಿಕೆ? ತಟ್ಟೆಯಾ, ಬಚ್ಚಲಾ?” ಅಂತ ಕೇಳಿ, ಅವರು ಹೇಳಿದ ಒಂದಕ್ಕೆ ಮಾತ್ರ ಉತ್ತರ ಕೊಡಿ. ಒಪ್ಪದಿದ್ದರೆ, ಸೋಂಕಿರುವವರ ಒಪ್ಪಿಗೆ ಪಡೆದು ಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ಕೇಳದ ಮಾತನ್ನು ಆಸ್ಪತ್ರೆಯವರು ಹೇಳಿದಾಗ ಕೇಳುತ್ತಾರೆ. ಒಂದೊಂದೇ ವಿಷಯ ಗೆಲ್ಲಿ. ಮೊದಲು ತಟ್ಟೆ, ಆಮೇಲೆ ಹಾಸಿಗೆ, ಆಮೇಲೆ ಮಗು.

ಗಂಡ ತೀರಿಕೊಂಡ ಹೆಂಗಸಿನ ಕಥೆ ಬೇರೆ, ಅಲ್ಲಿ ಹೆದರಿಕೆಯ ಹೆಸರಲ್ಲಿ ಆಸ್ತಿಯ ಲೆಕ್ಕ ನಡೆದಿರುತ್ತದೆ. “ಮಗನಿಗೆ ಕಾಯಿಲೆ ತಂದವಳು” ಅಂತ ತವರಿಗೆ ಅಟ್ಟುತ್ತಾರೆ. ಅವಳು ಕೋಪದಲ್ಲಿ, ದುಃಖದಲ್ಲಿ ಮನೆ ಬಿಟ್ಟು ಹೊರಡದ ಹಾಗೆ ನೋಡಿಕೊಳ್ಳಿ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಹೊರಡಲಿ. ಒಟ್ಟಿಗೆ ವಾಸ ಮಾಡುವ ಮನೆಯಲ್ಲಿ ಉಳಿಯುವ, ಅದರ ಯಾವ ಭಾಗದಿಂದಲೂ ಹೊರಗಿಡಿಸಿಕೊಳ್ಳದ ಹಕ್ಕನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 29ನೇ ಸೆಕ್ಷನ್ ಕೊಟ್ಟಿದೆ. ಗಂಡನ ಆಸ್ತಿಯಲ್ಲಿ ಹೆಂಡತಿಯ ಪಾಲು ಎಚ್‌ಐವಿಯಿಂದ ಹೋಗುವುದಿಲ್ಲ. ಮರಣ ಪತ್ರ, ಪಹಣಿ, ರೇಷನ್ ಕಾರ್ಡ್, ಮದುವೆ ಫೋಟೊ ಇವುಗಳ ಜೆರಾಕ್ಸ್ ಮನೆಯ ಹೊರಗೆ ನಂಬಿಕೆಯ ಒಬ್ಬರ ಹತ್ತಿರ ಇರಲಿ. ಪೌತಿ ಖಾತೆಗೆ (ಸತ್ತವರ ಜಮೀನು ವಾರಸುದಾರರ ಹೆಸರಿಗೆ ಆಗುವುದಕ್ಕೆ) ಅವಳ ಹೆಸರೂ ಸೇರಿಸಿ ಅರ್ಜಿ ಹೋಗಬೇಕು. ಖಾಲಿ ಕಾಗದಕ್ಕೆ ಸಹಿ ಕೇಳಿದರೆ ಅದೇ ಎಚ್ಚರಿಕೆಯ ಗಂಟೆ, ಅವತ್ತೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಸರ್ಕಾರದ ಕಾನೂನು ನೆರವು ಉಚಿತ, ಅವರ ವರಮಾನ ಎಷ್ಟೇ ಇರಲಿ.

## ಹಂತ 7: ಆಸ್ಪತ್ರೆ, ಶಾಲೆ, ಕೆಲಸ, ಊರಿನ ಪಂಕ್ತಿ

ಆಸ್ಪತ್ರೆಯಲ್ಲಿ ಆಗುವುದು ಹೀಗೆ: ಹೆರಿಗೆಗೋ ಆಪರೇಷನ್‌ಗೋ ಹೋದಾಗ ರಿಪೋರ್ಟ್ ನೋಡಿ “ಇಲ್ಲಿ ಆಗಲ್ಲ, ಬೇರೆ ಕಡೆ ಹೋಗಿ” ಅನ್ನುವುದು, ಮಂಚದ ಮೇಲೆ ಎಲ್ಲರಿಗೂ ಕಾಣುವ ಗುರುತು ಹಾಕುವುದು, ವಾರ್ಡಿನಲ್ಲಿ ಜೋರಾಗಿ ಹೇಳುವುದು. ಗ್ಲೌಸ್, ಶುದ್ಧ ಮಾಡಿದ ಉಪಕರಣ ಇವು ಎಲ್ಲ ರೋಗಿಗಳಿಗೂ ಬಳಸಬೇಕಾದ್ದು, ಹಾಗಾಗಿ ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸಲು ಕಾರಣ ಉಳಿಯುವುದಿಲ್ಲ. ಕೂಗಾಡಬೇಡಿ, ಕೂಗಿದರೆ ಗುಟ್ಟು ಅಲ್ಲೇ ಬಯಲಾಗುತ್ತದೆ. ಡಾಕ್ಟರನ್ನು ಪಕ್ಕಕ್ಕೆ ಕರೆದು “ಯಾಕೆ ಆಗಲ್ಲ ಅಂತ ಚೀಟಿಯಲ್ಲಿ ಬರೆದು ಕೊಡಿ ಸರ್” ಅನ್ನಿ. ಬರೆಯಬೇಕು ಅಂದ ಕೂಡಲೇ ಕೆಲವರ ಮಾತು ಬದಲಾಗುತ್ತದೆ.

ಶಾಲೆಗೆ, ಅಂಗನವಾಡಿಗೆ ಹೇಳಬೇಕಾಗಿಲ್ಲ. ಹಾಸ್ಟೆಲ್ ಆದರೆ ಮಾತ್ರೆಯ ಹೊತ್ತನ್ನು ಮಗುವಿನ ಜೊತೆ ಕೂತು ಯೋಚನೆ ಮಾಡಿ, ಬೇಕೇ ಬೇಕಾದರೆ ಒಬ್ಬರೇ ಒಬ್ಬರಿಗೆ ತಿಳಿಸಿ. ಕೆಲಸ ಕೊಡಲು, ಶಾಲೆಗೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆ ಮಾಡಿಸಿ ಅಂತ ಷರತ್ತು ಹಾಕುವ ಹಾಗಿಲ್ಲ. ಬಾಡಿಗೆ ಮನೆ, ಅಂಗಡಿ, ಹೋಟೆಲ್, ಬಾವಿ, ಕೆರೆ, ಸ್ಮಶಾನ, ಶವಸಂಸ್ಕಾರ ಇವೆಲ್ಲವನ್ನೂ ತಾರತಮ್ಯ ಮಾಡಬಾರದ ಪಟ್ಟಿಯಲ್ಲಿ ಕಾಯ್ದೆಯ 3ನೇ ಸೆಕ್ಷನ್ ಹೆಸರು ಹೇಳಿಯೇ ಸೇರಿಸಿದೆ.

ಊರಿನ ಊಟದ ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ಖಾಲಿ ಉಳಿದರೆ ನೀವು ಹೋಗಿ ಕೂತುಕೊಳ್ಳಿ. ಮಾತು ಬೇಡ. ಕ್ಷೌರದ ಅಂಗಡಿಯಲ್ಲಿ ಎಲ್ಲರಿಗೂ ಹೊಸ ಬ್ಲೇಡ್ ಅಂತ ಕೇಳುವ ಅಭ್ಯಾಸ ನೀವೇ ಶುರು ಮಾಡಿ, ಆಗ ಅದು ಒಬ್ಬರ ಮೇಲಿನ ಬೊಟ್ಟು ಆಗುವುದಿಲ್ಲ.

## ಹಂತ 8: ದೂರು ಕೊಡಲೇಬೇಕಾದಾಗ

ಅವರು ಒಪ್ಪಿದರೆ ಮಾತ್ರ. ನಿಮಗೆ ಎಷ್ಟೇ ಸಿಟ್ಟು ಬಂದಿರಲಿ, ಅವರು ಬೇಡ ಅಂದರೆ ಬೇಡ. ಫೇಸ್‌ಬುಕ್ಕಿಗೆ, ವಾಟ್ಸಾಪ್ ಗುಂಪಿಗೆ, ಪರಿಚಯದ ವರದಿಗಾರರಿಗೆ ಹಾಕುವುದಂತೂ ಬೇಡವೇ ಬೇಡ. ನ್ಯಾಯ ಸಿಗುವ ಮೊದಲು ಹೆಸರು ಸಿಕ್ಕಿರುತ್ತದೆ.

ಮೊದಲು ಬರೆದಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಏನು ಅಂದರು, ಯಾರು ಕೇಳಿಸಿಕೊಂಡರು. ಅವತ್ತೇ ಬರೆಯಿರಿ, ವಾರ ಬಿಟ್ಟರೆ ಮಾತು ಮಾಸುತ್ತದೆ. ಆಸ್ಪತ್ರೆ ಚೀಟಿ, ಕೆಲಸದಿಂದ ತೆಗೆದ ಪತ್ರ, ಮೆಸೇಜುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ನೂರು ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ, ಆಸ್ಪತ್ರೆಯಾದರೆ 20 ಅಥವಾ ಹೆಚ್ಚು ಜನ ಇದ್ದರೂ, ಒಬ್ಬ ದೂರು ಅಧಿಕಾರಿ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಆಗದಿದ್ದರೆ ಈ ಕಾಯ್ದೆಯ ಕೆಳಗೆ ರಾಜ್ಯ ಸರ್ಕಾರ ದೂರು ವಿಚಾರಿಸಲು ನೇಮಿಸುವ ಓಂಬುಡ್ಸ್‌ಮನ್‌ಗೆ ದೂರು. ಅವರು 30 ದಿನದೊಳಗೆ ಆದೇಶ ಕೊಡಬೇಕು, ತುರ್ತು ಚಿಕಿತ್ಸೆಯ ವಿಷಯವಾದರೆ ಆದಷ್ಟೂ 24 ಗಂಟೆಯೊಳಗೆ. ಆದೇಶ ಪಾಲಿಸದಿದ್ದರೆ 10,000 ರೂಪಾಯಿ ತನಕ ದಂಡ, ಮುಂದುವರಿದರೆ ದಿನಕ್ಕೆ 5,000 ತನಕ ಹೆಚ್ಚುವರಿ. ಸೋಂಕಿರುವವರ ಮೇಲೆ ದ್ವೇಷ ಹರಡುವುದಕ್ಕೆ ಮೂರು ತಿಂಗಳಿಂದ ಎರಡು ವರ್ಷದ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ಅರ್ಜಿ ಬರೆಯಲು, ಎಲ್ಲಿಗೆ ಕಳಿಸಬೇಕು ಅಂತ ತಿಳಿಯಲು ಶಿವಮೊಗ್ಗದ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸು ಕೋರ್ಟಿಗೆ ಹೋದರೆ ನಿಜವಾದ ಹೆಸರು ಮುಚ್ಚಿಟ್ಟು ನಡೆಸಿ ಅಂತ ಕೇಳುವ ಹಕ್ಕಿದೆ. ಇದನ್ನು ಮೊದಲ ದಿನವೇ ವಕೀಲರಿಗೆ ಹೇಳಿ, ಅರ್ಜಿ ದಾಖಲಾದ ಮೇಲೆ ನೆನಪಾದರೆ ತಡವಾಗುತ್ತದೆ.

## ಹಂತ 9: ಕೈಲಿದ್ದ ಕೆಲಸ ಬಿಟ್ಟು ಓಡಬೇಕಾದ ಸೂಚನೆಗಳು

ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಕ್ಷಯದ ಪರೀಕ್ಷೆ ಆಗಬೇಕು. ಬೇರೆಯವರಿಗೆ ಎರಡು ವಾರ ನೋಡೋಣ ಅನ್ನಬಹುದು, ಇವರಿಗೆ ಕಾಯಬೇಡಿ. ಬಿಡದ ತಲೆನೋವು ಜೊತೆಗೆ ವಾಂತಿ, ಕತ್ತು ಬಿಗಿಯುವುದು, ದೃಷ್ಟಿ ಮಂಜಾಗುವುದು, ಉಸಿರಾಟಕ್ಕೆ ಕಷ್ಟ, ಬಾಯೊಳಗೆ ಬಿಳಿ ಪದರ ಬಂದು ನುಂಗಲು ಆಗದಿರುವುದು, ಮಾತ್ರೆ ಶುರುವಾದ ಮೇಲೆ ಮೈಯೆಲ್ಲ ದದ್ದು ಅಥವಾ ಕಣ್ಣು ಹಳದಿಯಾಗುವುದು, ಇವೆಲ್ಲ ಅವತ್ತೇ ಆಸ್ಪತ್ರೆಗೆ ಹೋಗುವ ಕಾರಣಗಳು.

ಮನಸ್ಸಿನ ಸೂಚನೆಗಳು ಕಣ್ಣಿಗೆ ಬೀಳುವುದು ಕಷ್ಟ. ಮಾತ್ರೆ ಡಬ್ಬಿ ತಿಂಗಳ ಕೊನೆಗೂ ತುಂಬಿರುವುದು, ಆಸ್ಪತ್ರೆ ದಿನ ಬೇಕಂತಲೇ ತಪ್ಪಿಸುವುದು, ಕುಡಿತ ಏರುವುದು, ಸ್ನಾನ ಊಟ ಬಿಡುವುದು, ಸಾಲ-ಸೋಲ ಎಲ್ಲ ತೀರಿಸಿ “ಇನ್ನು ನನಗೇನೂ ಬೇಡ” ಅನ್ನುವುದು. ಆಗ ನೇರವಾಗಿ ಕೇಳಿ: “ಸಾಯಬೇಕು ಅನ್ನಿಸ್ತಾ ಇದೆಯಾ?” ಕೇಳಿದರೆ ಆ ಯೋಚನೆ ಬರುತ್ತದೆ ಅನ್ನುವುದು ತಪ್ಪು, ಕೇಳಿದರೆ ಅವರಿಗೆ ಹೇಳಲು ಜಾಗ ಸಿಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ತೋಟದ ಔಷಧಿಗಳನ್ನು ಬೀಗ ಹಾಕಿ ಕೀ ನಿಮ್ಮ ಹತ್ತಿರ ಇಟ್ಟುಕೊಳ್ಳಿ. 14416ಕ್ಕೆ ಅವರ ಪಕ್ಕದಲ್ಲೇ ಕೂತು ಫೋನ್ ಮಾಡಿ, ಕೈ ಮೀರಿದರೆ 112.

ಹೀಗೆ ಓಡುವ ದಿನ ಜೊತೆಗೆ ಊರಿನವರು, ನೆಂಟರು ಜೀಪಿನಲ್ಲಿ ಬಂದಿರುತ್ತಾರೆ. ಡಾಕ್ಟರಿಗೆ ಎಆರ್‌ಟಿ ಮಾತ್ರೆಯ ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಚಿಕಿತ್ಸೆ ತಪ್ಪಬಹುದು. ಉಳಿದವರನ್ನು ಚೀಟಿ ಮಾಡಿಸಲು, ಚಹಾ ತರಲು ಕಳಿಸಿ, ಎಆರ್‌ಟಿ ಪುಸ್ತಕ ಡಾಕ್ಟರ ಕೈಗೆ ಕೊಟ್ಟು ಮೆಲ್ಲಗೆ ಹೇಳಿ. ಆಮೇಲೆ ಪುಸ್ತಕ ವಾಪಸ್ ತೆಗೆದುಕೊಂಡು ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ.